ಕುಂಚಿಗೆಯ ಗೋಪುರ

ಕಾಕೂ, ಕಾಕಾ, ನಮಸ್ಕಾರ. ಬೆಳಿಗ್ಗೆ ಗುಂಪಿನಲ್ಲಿ ನಿಮ್ಮಿಬ್ಬರ ಮೆಸೇಜೂ ನೋಡಿದೆ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಉತ್ತರ ಕೊಡಲು ಆಗಲಿಲ್ಲ. ಎರಡು ಸಾಲು ಟೈಪ್ ಮಾಡಿ ಮುಗಿಸುವ ಮಾತೂ ಅಲ್ಲ ಇದು. ಈಗ ಊಟ ಆಯಿತು, ಬಾಲ್ಕನಿಯಲ್ಲಿ ಕೂತು ಈ ವಾಯ್ಸ್ ಮೆಸೇಜ್ ಮಾಡುತ್ತಿದ್ದೇನೆ. ಪುಣೆಯಲ್ಲಿ ಇವತ್ತು ಸಂಜೆಯಿಂದ ಮಳೆ, ನಡುವೆ ಸದ್ದು ಬಂದರೆ ಅದೇ ಅಂತ ತಿಳಿಯಿರಿ. ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತಾದಾಗ ಕೇಳಿ.

ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ತಂದ ಕುಂಚಿಗೆಯ ಮೇಲೆ ಕಸೂತಿ ಇತ್ತಲ್ಲ, ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಯಾರ ಕೈಯಲ್ಲೂ ಕಸೂತಿ ಸೂಜಿ ಕಂಡಿಲ್ಲ, ನಿನಗೆ ಯಾರು ಕಲಿಸಿದರು ಅಂತ ಕಾಕೂ ಕೇಳಿದರು. ತಂಗಿ "ಅಕ್ಕನ ಆಟದ ಗೆಳೆಯರು" ಅಂತ ಬರೆದುಬಿಟ್ಟಳು. ಅದನ್ನು ನೋಡಿ ಕಾಕಾ ಕೇಳಿದರು: ಮುಖ ನೋಡದವರ ಜೊತೆ ರಾತ್ರಿ ಹೊತ್ತು ಏನು ಆಟ? ಅದರಲ್ಲಿ ಕಸೂತಿ ಎಲ್ಲಿಂದ ಬಂತು? ಅಂಥ ಆಟಗಳನ್ನು ಸರ್ಕಾರ ಬಂದ್ ಮಾಡಿದೆಯಲ್ಲ?

ಮೊದಲು ಕಾಕಾ ಅವರ ಕೊನೆಯ ಪ್ರಶ್ನೆಗೆ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳ ಮೇಲೆ. ರಮ್ಮಿ, ಪೋಕರ್, ದುಡ್ಡಿನ ಫ್ಯಾಂಟಸಿ ಕ್ರಿಕೆಟ್, ಅಂಥವು. ಅದು ಬಂದದ್ದು ಒಳ್ಳೆಯದೇ ಆಯಿತು. ನಾವು ಆಡುವುದು ಮೈನ್‌ಕ್ರಾಫ್ಟ್. ಒಮ್ಮೆ ಕೊಂಡರೆ ಮುಗಿಯಿತು, ಅದರಲ್ಲಿ ಪಣ ಇಲ್ಲ. ಚೌಕ ಚೌಕ ಕಲ್ಲು, ಮಣ್ಣು, ಕಟ್ಟಿಗೆ ಇರುತ್ತವೆ. ಅಗೆಯಬೇಕು, ಹೊತ್ತು ತರಬೇಕು, ಕಟ್ಟಬೇಕು. ಹೊಲ ಮಾಡಬಹುದು, ಕುರಿ ಸಾಕಬಹುದು. ನಾವು ನಾಲ್ಕು ಜನ ಸೇರಿ ಅದರಲ್ಲಿ ಒಂದು ಊರು ಕಟ್ಟಿಕೊಂಡಿದ್ದೇವೆ.

ನಾಲ್ಕು ಜನ ಅಂದರೆ ನಾನು, ಮುಂಬೈ ಹತ್ತಿರದ ಡೊಂಬಿವಲಿಯ ಒಬ್ಬ ಅಕ್ಕ, ಗೋವಾದ ವಾಸ್ಕೋದ ಒಬ್ಬ ಅಣ್ಣ, ಮತ್ತೆ ಇಲ್ಲೇ ಹಿಂಜವಡಿಯಲ್ಲಿ ಕೆಲಸ ಮಾಡುವ ಬೆಳಗಾವಿ ಹುಡುಗ. ಅವನು ಆಟದಲ್ಲಿ ಇಟ್ಟುಕೊಂಡ ಹೆಸರು ಕುಂದಾ. ನಾವೂ ಹಾಗೇ ಕರೆಯುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ, ಆಡುವಾಗ ಕನ್ನಡದಲ್ಲಿ ಮಾತಾಡುವವರು ಯಾರಾದರೂ ಇದ್ದಾರಾ ಅಂತ ಹುಡುಕಿದವರು ನಾವು. ಹಗಲೆಲ್ಲ ಮರಾಠಿ, ಹಿಂದಿ, ಕೊಂಕಣಿ ಮಾತಾಡಿ ಬಂದವರಿಗೆ ರಾತ್ರಿ ಒಂದು ಗಂಟೆ ಕನ್ನಡ ಸಿಕ್ಕರೆ ಸಾಕು ಅನಿಸುತ್ತಿತ್ತು. ಧಾರವಾಡದಲ್ಲಿ ಇರುವ ನಿಮಗೆ ಇದು ದೊಡ್ಡ ಮಾತು ಅನಿಸಲಿಕ್ಕಿಲ್ಲ. ನನಗೆ ಆಗ ಅದು ಬಹಳ ದೊಡ್ಡದಿತ್ತು ಕಾಕೂ.

ಮುಖ ಕಾಣುವುದಿಲ್ಲ, ನಿಜ. ಆದರೆ ಮನೆಯ ಸದ್ದು ಕೇಳುತ್ತದೆ. ಅಕ್ಕನ ಮನೆ ರೈಲ್ವೆ ಹಳಿ ಪಕ್ಕ, ಲೋಕಲ್ ಹೋಗುವಾಗ ಅವರು ಮಾತು ನಿಲ್ಲಿಸುತ್ತಾರೆ, ಅದು ದಾಟಿದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಾರೆ. ಅಣ್ಣ ಬಂದರಿನಲ್ಲಿ ಕೆಲಸ ಮಾಡುವವರು. ಅವರ ಕಡೆಯಿಂದ ಹಡಗಿನ ಸೈರನ್ ಕೇಳಿದರೆ ಕುಂದಾ ಅದೆಷ್ಟು ದೊಡ್ಡದು ಅಂತ ಕೇಳಿಯೇ ಕೇಳುತ್ತಾನೆ. ಕುಂದಾನ ರೂಮಿನಲ್ಲಿ ಯಾವಾಗಲೂ ಹಿಂದೂಸ್ತಾನಿ ಸಂಗೀತ ಸಣ್ಣಗೆ ಹಚ್ಚಿರುತ್ತಾನೆ. ನಮ್ಮ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ಅವರೇ ಎಣಿಸಿ ನನಗೆ ಹೇಳುತ್ತಾರೆ. ಕುಂದಾನಿಗೆ ಜೋಳದ ರೊಟ್ಟಿ ಬಡಿಯುವುದನ್ನು ನಾನು ಕಲಿಸಿದ್ದೂ ಹೀಗೇ. ಅವನು ಅಡುಗೆ ಕಟ್ಟೆಯ ಮೇಲೆ ಮೊಬೈಲ್ ಇಟ್ಟು ಬಡಿಯುತ್ತಿದ್ದ. ಸದ್ದು ಕೇಳಿಯೇ ನಾನು ಹೇಳುತ್ತಿದ್ದೆ, ಹಿಟ್ಟು ಇನ್ನೂ ಗಟ್ಟಿ ಇದೆ, ಬಿಸಿನೀರು ಹಾಕಿ ಇನ್ನಷ್ಟು ನಾದು ಅಂತ. ನಾಲ್ಕನೆಯ ದಿನ ಅವನ ರೊಟ್ಟಿ ಉಬ್ಬಿತು.

ಆಟದಲ್ಲಿ ಒಂದು ಹಗಲು, ಒಂದು ರಾತ್ರಿ ಸೇರಿ 20 ನಿಮಿಷ. ಕತ್ತಲಾದರೆ ದೆವ್ವಗಳು ಹೊರಗೆ ಬರುತ್ತವೆ. ರಾತ್ರಿ ಬೇಗ ಕಳೆಯಬೇಕು ಅಂದರೆ ಆಗ ಆಡುತ್ತಿರುವವರೆಲ್ಲ ಹೋಗಿ ಹಾಸಿಗೆಯಲ್ಲಿ ಮಲಗಬೇಕು. ಒಬ್ಬರು ಎದ್ದಿದ್ದರೂ ಉಳಿದವರಿಗೆ ಬೆಳಗಾಗುವುದಿಲ್ಲ. ಅದಕ್ಕೇ ಕತ್ತಲಾಗುತ್ತಿದ್ದ ಹಾಗೆ ಅಕ್ಕ "ಬರ್ರಿ ಬರ್ರಿ, ಮಲಗೋಣು" ಅಂತ ಎಲ್ಲರನ್ನೂ ಕರೆಯುತ್ತಾರೆ. ನಾಲ್ಕು ಹಾಸಿಗೆ ಒಂದೇ ಕೋಣೆಯಲ್ಲಿ ಸಾಲಾಗಿ. ಅಜ್ಜಿಯ ಪಡಸಾಲೆಯಲ್ಲಿ ನಾವೆಲ್ಲ ಮಕ್ಕಳು ಮಲಗುತ್ತಿದ್ದೆವಲ್ಲ, ನನಗೆ ಪ್ರತಿ ಸಲ ಅದೇ ನೆನಪು.

ಈಗ ಕಸೂತಿಗೆ ಬರುತ್ತೇನೆ. ಕಾಕೂ, ಕೆಲವು ವರ್ಷದ ಹಿಂದೆ ಅಜ್ಜಿಯ ಚಂದ್ರಕಾಳಿ ಸೀರೆಯನ್ನು ಬಿಸಿಲಿಗೆ ಹಾಕಿ, ಸೆರಗಿನ ಫೋಟೋ ಈ ಗುಂಪಿಗೆ ಹಾಕಿದ್ದಿರಿ, ನೆನಪಿದೆಯಾ? ಕರಿ ಸೀರೆ, ಮೇಲೆ ಕೆಂಪು, ಬಿಳಿ, ಹಳದಿ ನೂಲಿನ ಗೋಪುರ. ಆವತ್ತು ರಾತ್ರಿ ಆಡುವಾಗ ನಾನು ಆ ಮಾತು ತೆಗೆದೆ. ಅಕ್ಕ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ನನಗೆ ಕಸೂತಿ ಬರುತ್ತದೆ. ನಮ್ಮವ್ವನ ಹತ್ತಿರ ಕಲಿತಿದ್ದೆ. ಇಲ್ಲಿಗೆ ಬಂದ ಮೇಲೆ ಕೇಳಿದವರೇ ಇಲ್ಲ" ಅಂದರು. ಎರಡು ವರ್ಷದಿಂದ ಜೊತೆಗೆ ಆಡುತ್ತಿದ್ದೆವು, ಅದು ನಮಗೆ ಗೊತ್ತೇ ಇರಲಿಲ್ಲ. ಫೋಟೋ ಕಳಿಸಿದೆ. ವಾರದೊಳಗೆ ಅವರು ಒಂದೊಂದು ಹೊಲಿಗೆ ಎಣಿಸಿ ಗೋಪುರವನ್ನು ಗ್ರಾಫ್ ಹಾಳೆಗೆ ಇಳಿಸಿದರು.

ಕಸೂತಿಯೂ ಚೌಕ, ನಮ್ಮ ಆಟವೂ ಚೌಕ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಆಟದಲ್ಲಿ ಕಲ್ಲು ಎಣಿಸಬೇಕು. ಹಾಗಾದರೆ ಈ ಗೋಪುರವನ್ನು ನಮ್ಮ ಊರಿನ ದೊಡ್ಡ ಮನೆಯ ನೆಲಕ್ಕೆ ಹಾಕೋಣ ಅಂತ ನಿರ್ಧಾರ ಆಯಿತು. ಆ ಕಡೆ 31, ಈ ಕಡೆ 31. ಬೆಸ ಸಂಖ್ಯೆಯೇ ಬೇಕು, ಗೋಪುರದ ಕಳಸ ಸರಿಯಾಗಿ ನಡುವೆ ಬರಬೇಕಲ್ಲ. ಒಟ್ಟು 961 ಚೌಕ ಉಣ್ಣೆ, ಅದರಲ್ಲಿ ಮುಕ್ಕಾಲು ಪಾಲು ಕಪ್ಪು. ಆಟದಲ್ಲಿ ಕಪ್ಪು ಬಣ್ಣಕ್ಕೆ ಸ್ಕ್ವಿಡ್ ಹಿಡಿದು ಅದರ ಮಸಿ ತೆಗೆಯಬೇಕು. ಅಣ್ಣ ನಿಜವಾಗಿಯೂ ರಜೆ ದಿನ ಗಾಳ ಹಿಡಿದು ಸಮುದ್ರದ ಬಂಡೆಯ ಮೇಲೆ ಕೂರುವವರು. ಆ ಕೆಲಸ ನನ್ನದು ಅಂತ ಹೊರಟೇಬಿಟ್ಟರು. ಆಮೇಲೆ ಕುಂದಾನಿಗೆ ಹೊಳೆಯಿತು: ಉಣ್ಣೆಗೆ ಯಾಕೆ ಬಣ್ಣ ಹಾಕಬೇಕು, ಕುರಿಗೇ ಹಾಕೋಣ ಅಂತ. ಕುರಿಗೆ ಒಮ್ಮೆ ಕಪ್ಪು ಬಳಿದರೆ ಅದು ಮತ್ತೆ ಮೇದು ಬೆಳೆಸುವ ಉಣ್ಣೆಯೂ ಕಪ್ಪೇ. ಎರಡೂ ಕರಿ ಕುರಿಯಾದರೆ ಮರಿಯೂ ಕರಿ. ತಿಂಗಳಲ್ಲಿ ನಮ್ಮ ದೊಡ್ಡಿ ತುಂಬಾ ಕರಿ ಕುರಿ.

ಆ ನೆಲದ ಮೇಲೆಯೇ ಅಕ್ಕ ನನಗೆ ಹೊಲಿಗೆ ಕಲಿಸಿದ್ದು. ಕಸೂತಿಯಲ್ಲಿ ನಾಲ್ಕು ಹೊಲಿಗೆ, ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಗೆರೆಯ ಮೇಲೆ ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಬೇಕು, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಬಾಯಿಂದ ಎಷ್ಟು ಹೇಳಿದರೂ ನನಗೆ ತಲೆಗೆ ಹೋಗುತ್ತಿರಲಿಲ್ಲ. ಆಗ ಅಕ್ಕ, "ನೀನೇ ಸೂಜಿ. ನಡಿ" ಅಂದರು. ಕರಿ ನೆಲದ ಮೇಲೆ ನಡೆಯುತ್ತಾ ಒಂದು ಚೌಕಕ್ಕೆ ಬಿಳಿ ಹಾಸು ಹಾಕಿದೆ, ಒಂದು ಬಿಟ್ಟೆ, ಮತ್ತೊಂದಕ್ಕೆ ಹಾಕಿದೆ. ತುದಿ ಮುಟ್ಟಿ ಅದೇ ದಾರಿಯಲ್ಲಿ ತಿರುಗಿ ಬಂದೆ, ಬಿಟ್ಟದ್ದನ್ನು ತುಂಬಿದೆ. ಹೊರಟ ಜಾಗಕ್ಕೇ ಬಂದು ನಿಂತೆ. ಅಷ್ಟೇ ಕಾಕೂ, ಅವತ್ತು ಅರ್ಥ ಆಯಿತು. ಗಂಟು ಹಾಕದೆ ನೂಲು ಹೇಗೆ ಮುಗಿಯುತ್ತದೆ, ಎರಡೂ ಬದಿ ಹೇಗೆ ಒಂದೇ ಥರ ಕಾಣುತ್ತದೆ, ಎಲ್ಲವೂ. ಮುರ್ಗಿಯೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ ಅಡ್ಡಡ್ಡ ಹೋಗುತ್ತದೆ. ಮರುದಿನ ತುಳಶೀಬಾಗ್‌ಗೆ ಹೋಗಿ ಮ್ಯಾಟಿ ಬಟ್ಟೆ, ನೂಲು, ಸೂಜಿ ತಂದೆ. ಮೊದಮೊದಲು ಮ್ಯಾಟಿ ಬಟ್ಟೆಯೇ ಒಳ್ಳೆಯದು, ಎಳೆ ಕಣ್ಣಿಗೆ ಸಿಗುತ್ತದೆ.

ನಡುವೆ ಒಂದು ಕೆಟ್ಟ ದಿನ ಬಂತು. ನಮ್ಮ ಊರೆಲ್ಲ ಇದ್ದದ್ದು ಕುಂದಾನ ಲ್ಯಾಪ್‌ಟಾಪಿನಲ್ಲಿ. ಅದರ ಹಾರ್ಡ್‌ಡಿಸ್ಕ್ ಕೆಟ್ಟಿತು. ರಿಪೇರಿಯವನು ಎರಡು ದಿನ ಇಟ್ಟುಕೊಂಡು ಏನೂ ಉಳಿದಿಲ್ಲ ಅಂದ. ಬೇರೆ ಕಡೆ ಕಾಪಿ ಇಟ್ಟಿರಲಿಲ್ಲ. ಮನೆ, ಹೊಲ, ಕುರಿ, ಗೋಪುರದ ನೆಲ, ಎಲ್ಲ ಹೋಯಿತು. ಹುಡುಗ ಅತ್ತುಬಿಟ್ಟ. ನನಗೂ ಎರಡು ದಿನ ಊಟ ಸೇರಲಿಲ್ಲ. ಆಟದ ಮನೆಗೆ ಅಷ್ಟೊಂದು ಯಾಕೆ ಅಂತ ಯಾರಾದರೂ ಕೇಳಬಹುದು. ಮೂರು ವರ್ಷ ಕೈಯಾರೆ ಕಟ್ಟಿದ್ದು, ಸಂಕಟ ಆಗದೆ ಇರುತ್ತದಾ? ಮೂರನೆಯ ದಿನ ಅಕ್ಕ ಗ್ರಾಫ್ ಹಾಳೆಯ ಫೋಟೋ ಕಳಿಸಿದರು. ಅಜ್ಜಿಯ ಗೋಪುರ ಕಾಗದದ ಮೇಲೆ ಹಾಗೇ ಇತ್ತು. ಮತ್ತೆ ಒಂದನೇ ಚೌಕದಿಂದ ಶುರು ಮಾಡಿದೆವು. ಈಗ ವಾರಕ್ಕೊಮ್ಮೆ ಮೂರು ಕಡೆ ಕಾಪಿ ಇಡುತ್ತೇವೆ.

ಒಂದು ಡಿಸೆಂಬರ್‌ನಲ್ಲಿ ನಾಲ್ಕೂ ಜನ ಭೇಟಿಯಾದೆವು, ಇಲ್ಲೇ ಪುಣೆಯಲ್ಲಿ, ಸವಾಯಿ ಗಂಧರ್ವ ಸಂಗೀತ ಉತ್ಸವದಲ್ಲಿ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಕಡೆಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಉತ್ಸವ, ಕಾಕಾ ಅವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಕುಂದಾ ಪ್ರತಿ ವರ್ಷ ತಪ್ಪಿಸುವುದಿಲ್ಲ, ಅವನೇ ಎಲ್ಲರನ್ನೂ ಕರೆದ. ಅಣ್ಣ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ನಸುಕಿಗೆ ಬಂದು ಇಳಿದರು, ದಾರಿಯಲ್ಲಿ ಬೆಳಗಾವಿ ಸ್ಟೇಷನ್‌ನಲ್ಲಿ ಕುಂದಾನ ಅವ್ವ ಬಂದು ಕೊಟ್ಟ ಡಬ್ಬಿ ಕೈಯಲ್ಲಿತ್ತು. ಅಕ್ಕ ಕಲ್ಯಾಣ್‌ನಲ್ಲಿ ರೈಲು ಹತ್ತಿ ಬಂದರು. ಪೆಂಡಾಲಿನಲ್ಲಿ ಕೂತಾಗ ನಾನು ಚೀಲದಿಂದ ನನ್ನ ಬಟ್ಟೆ ತೆಗೆದು ಕೊಟ್ಟೆ. ಕಾಕೂ, ಅವರು ಮುಂದಿನ ಬದಿ ನೋಡಲೇ ಇಲ್ಲ. ಕೈಗೆ ತೆಗೆದುಕೊಂಡವರೇ ತಿರುವಿ ಹಾಕಿದರು. ಕನ್ನಡಕ ಹಣೆಗೆ ಏರಿಸಿ, ಬಟ್ಟೆಯನ್ನು ಕಣ್ಣಿನ ಹತ್ತಿರ ತಂದು, ಉಗುರಿನ ತುದಿಯಿಂದ ಒಂದು ಜಾಗ ಮುಟ್ಟಿದರು. ಮುರ್ಗಿಯ ಮೂರನೇ ಮೆಟ್ಟಿಲಿನಲ್ಲಿ ನಾನು ನೂಲು ಮುಗಿದು ಗಂಟು ಹಾಕಿದ್ದೆ. ಏನೂ ಅನ್ನಲಿಲ್ಲ. ಅಲ್ಲೇ ಬಿಚ್ಚಿ, ಹಳೆ ನೂಲಿನ ತುದಿಯನ್ನು ಹಿಂದಿನ ಹೊಲಿಗೆಗಳ ಕೆಳಗೆ ಸೇರಿಸಿ ತೋರಿಸಿದರು. ವೇದಿಕೆಯ ಮೇಲೆ ವಿಲಂಬಿತ್ ನಡೆದಿತ್ತು, ಅವರ ಸೂಜಿಯೂ ಅಷ್ಟೇ ನಿಧಾನ.

ಕಾಕಾ, ನಿಮ್ಮ ಹೆದರಿಕೆ ಸುಳ್ಳಲ್ಲ. ಮೊದಲ ಒಂದು ವರ್ಷ ನಾವು ಯಾರೂ ಮನೆ ವಿಳಾಸ ಹೇಳಿರಲಿಲ್ಲ, ಫೋಟೋ ಕಳಿಸಿರಲಿಲ್ಲ. ದುಡ್ಡಿನ ವ್ಯವಹಾರ ಇವತ್ತಿಗೂ ಇಲ್ಲ, ಅದು ಅಣ್ಣ ಹಾಕಿದ ನಿಯಮ. ಮೊದಲ ಭೇಟಿಗೆ ಜನ ಇರುವ ಜಾಗಕ್ಕೇ ಹೋದೆವು, ಇವರೂ ನನ್ನ ಜೊತೆ ಬಂದಿದ್ದರು. ಇದೇ ಆಟ ಆಡುವ ನಮ್ಮ ವೈನಿಯ ಮಗನಿಗೆ ಹನ್ನೆರಡು ವರ್ಷ, ಅವನಿಗೆ ಹೊರಗಿನವರ ಜೊತೆ ಮಾತು ಬೇಡ ಅಂತಲೇ ನಾನೂ ಹೇಳುತ್ತೇನೆ. ಆಟದಲ್ಲಿ ಅವನು ಕಟ್ಟುವ ಊರಿಗೆ ಮನೆಯ ಮಕ್ಕಳನ್ನಷ್ಟೇ ಸೇರಿಸಿಕೊಳ್ಳಲಿ, ಹಾಗೆ ಮಾಡಲು ಬರುತ್ತದೆ. ವೈನಿ, ಭಾನುವಾರ ಫೋನ್ ಮಾಡಿ, ಸೆಟ್ಟಿಂಗ್ ಹೇಳಿಕೊಡುತ್ತೇನೆ.

ಕೂಸಿನ ಕುಂಚಿಗೆಯ ಮೇಲೆ ಇರುವುದು ಆ ಗ್ರಾಫ್ ಹಾಳೆಯ ಗೋಪುರವೇ. ಅಜ್ಜಿಯ ಸೆರಗಿನದು. ಕುಂಚಿಗೆಗೆ ಚಿಕ್ಕದು ಮಾಡಬೇಕಾಗಿತ್ತು, ಎರಡು ಅಂತಸ್ತು ಬಿಟ್ಟಿದ್ದೇನೆ. ಕೆಳಗಿನ ಅಂಚಿನ ಮೆಂತೆ ಅಕ್ಕನೇ ಹಾಕಿ ಕೊಟ್ಟರು, ಡೊಂಬಿವಲಿಯಿಂದ ಕೊರಿಯರ್‌ನಲ್ಲಿ ಬಂತು. ತೊಟ್ಟಿಲಿನ ಫೋಟೋ ಕಳಿಸಿದಾಗ ಮೂವರೂ ಒಟ್ಟಿಗೆ ಫೋನ್ ಮಾಡಿದರು, ಅಣ್ಣ ಡ್ಯೂಟಿಯ ನಡುವೆ.

ಕಾಕೂ, ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಆ ಸೆರಗಿನಲ್ಲಿ ಗೋಪುರದ ಎಡಕ್ಕೆ ಒಂದು ಆನೆ ಇದೆ. ಅದು ಗವಂತಿಯೋ ನೇಗಿಯೋ ಅಂತ ಅಕ್ಕನಿಗೆ ಅನುಮಾನ. ನೇಗಿಯಾದರೆ ಹಿಂದಿನ ಬದಿ ಬೇರೆ ಥರ ಕಾಣುತ್ತದೆಯಂತೆ. ನಾಳೆ ಬಿಸಿಲು ಬಿದ್ದರೆ ಟ್ರಂಕಿನಿಂದ ಸೀರೆ ತೆಗೆದು, ಸೆರಗು ತಿರುವಿ ಹಾಕಿ, ಹತ್ತಿರದಿಂದ ಒಂದು ಫೋಟೋ ಕಳಿಸಿ. ಒಂಬತ್ತೂವರೆಗೆ ಎಲ್ಲರೂ ಬರುತ್ತಾರೆ, ಅಷ್ಟರೊಳಗೆ ಸಿಕ್ಕರೆ ರಾತ್ರಿಯೇ ಎಣಿಸಲು ಕೂರುತ್ತೇವೆ.