ಮಗಳು ಕ್ಯಾಂಪಿಗೆ ಹೊರಟಿದ್ದಾಳೆ, ಡೋಪ್ ಟೆಸ್ಟ್ ಬಗ್ಗೆ ಏನು ಹೇಳಿ ಕಳಿಸಲಿ?

ಗದಗ ಹತ್ತಿರದ ಹಳ್ಳಿಯಿಂದ, ಒಬ್ಬ ತಂದೆ:
ಮಗಳಿಗೆ 16 ತುಂಬಿದೆ, ಕುಸ್ತಿ ಆಡುತ್ತಾಳೆ. ಏಷ್ಯನ್ ಚಾಂಪಿಯನ್‌ಶಿಪ್‌ಗೆ ಮುಂಚಿನ ರಾಷ್ಟ್ರೀಯ ಕ್ಯಾಂಪಿಗೆ ಕರೆ ಬಂದಿದೆ. ಮೊನ್ನೆ ಕೆಮ್ಮು ಅಂದಳು. ಮನೆಯಲ್ಲಿದ್ದ ಸಿರಪ್ ಕೊಡಲು ಹೋದರೆ "ಬ್ಯಾಡಪ್ಪಾ, ಡೋಪಿಂಗ್ ಆಗ್ತದ" ಅಂತ ಬಾಯಿ ಮುಚ್ಚಿಕೊಂಡಳು. ಕೆಮ್ಮಿನ ಔಷಧಿಗೂ ಡೋಪಿಂಗ್‌ಗೂ ಏನು ಸಂಬಂಧ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ, ಮೆಡಿಕಲ್ ಶಾಪ್ ನಡೆಸುವವರು:
ನಿಮ್ಮ ಮಗಳು ಹೇಳಿದ್ದು ಸರಿ ಇದೆ, ಅಣ್ಣಾವ್ರೇ. ಆಟದಲ್ಲಿ ನಿಷೇಧಿಸಿದ ಔಷಧಿ ಮೈಯಲ್ಲಿ ಸಿಕ್ಕರೂ ಡೋಪಿಂಗ್ ಅಂತಲೇ ಲೆಕ್ಕ. ಕಫಕ್ಕೆ ನಾವು ದಿನಾ ಕೊಡುವ ಎಷ್ಟೋ ಸಿರಪ್‌ಗಳಲ್ಲಿ ಟರ್ಬುಟಾಲಿನ್ ಇಲ್ಲವೇ ಸಾಲ್ಬುಟಮಾಲ್ ಇರುತ್ತದೆ. ಟರ್ಬುಟಾಲಿನ್ ಹೇಗೆ ತೆಗೆದುಕೊಂಡರೂ ವರ್ಷವಿಡೀ ನಿಷೇಧ. ಸಾಲ್ಬುಟಮಾಲ್ ಇನ್ಹೇಲರ್‌ನಲ್ಲಿ ಮಾತ್ರ ನಡೆಯುತ್ತದೆ, ಅದಕ್ಕೂ 24 ಗಂಟೆಗೆ 1600 ಮೈಕ್ರೋಗ್ರಾಂ ಅಂತ ಮಿತಿ ಇದೆ. ಸಿರಪ್, ಗುಳಿಗೆ ನಡೆಯುವುದಿಲ್ಲ. ಬಾಟಲಿಯ ಮುಂದಿನ ದೊಡ್ಡ ಹೆಸರು ನಂಬಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಹೆಸರು ಒಂದೇ, ಕೊನೆಗೆ ಎರಡು ಅಕ್ಷರ ಬೇರೆ ಇದ್ದರೆ ಒಳಗಿನ ಔಷಧಿಯೂ ಬೇರೆ ಇರಬಹುದು. ನಾವು ಅಂಗಡಿಯವರು "ಅದಿಲ್ಲ, ಅಂಥದ್ದೇ ಇನ್ನೊಂದು ಕೊಡ್ತೀನಿ" ಅಂತೇವೆ. ಬೇರೆಯವರಿಗೆ ಅದು ಸಾಕು, ನಿಮ್ಮ ಮಗಳಿಗೆ ಸಾಲದು. ಡಾಕ್ಟರಿಗೂ ಅಂಗಡಿಯವರಿಗೂ "ಇದು ಆಟಗಾರ್ತಿಗೆ" ಅಂತ ಮೊದಲೇ ಹೇಳಿಬಿಡಿ.

ಧಾರವಾಡದಿಂದ, ಹಿಂದೆ ಕುಸ್ತಿ ಆಡಿದವರು, ಈಗ ಮಕ್ಕಳಿಗೆ ಕಲಿಸುವವರು:
ನನ್ನ ಕಾಲದಲ್ಲಿ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಡೋಪಿಂಗ್ ಅಂದರೆ ಸ್ಟೆರಾಯ್ಡ್ ಸೂಜಿ, ಅದು ಕೆಟ್ಟವರು ಮಾಡುವ ಕೆಲಸ, ನಮಗೇನು ಅಂತ ಇದ್ದೆವು. ಒಮ್ಮೆ ತೂಕ ಇಳಿಸಿ, ಜ್ವರ ಬಂದು, ಕೂಟಕ್ಕೆ ಎರಡು ದಿನ ಇರುವಾಗ ಒಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಮಲಗಿ ಸಲಾಯಿನ್ ಹಚ್ಚಿಸಿಕೊಂಡೆ. ನಮ್ಮ ಕಡೆ ಸುಸ್ತು ಅಂದರೆ ಸಾಕು, ಬಾಟಲಿ ತೂಗು ಹಾಕುತ್ತಾರೆ ಅಲ್ವಾ? ಮರುದಿನ ಮೊಣಕೈಯ ಪಟ್ಟಿ ನೋಡಿ ಕೋಚ್ ಮುಖ ಬಿಳಿಚಿತು. ನನ್ನನ್ನು ಕಣಕ್ಕೆ ಇಳಿಸಲಿಲ್ಲ. ಆಗ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತು! ಬಾಟಲಿಯಲ್ಲಿ ಬರೀ ಉಪ್ಪುನೀರಿದ್ದರೂ ತಪ್ಪೇ. ಈಗಿನ ನಿಯಮದಲ್ಲಿ 12 ಗಂಟೆಯೊಳಗೆ 100 ಮಿಲಿಗಿಂತ ಜಾಸ್ತಿ ರಕ್ತನಾಳಕ್ಕೆ ಹರಿಸುವಂತಿಲ್ಲ. ಆಸ್ಪತ್ರೆ ಚಿಕಿತ್ಸೆಗೆ, ಆಪರೇಷನ್‌ಗೆ ರಿಯಾಯಿತಿ ಇದೆ. ಬೇರೆ ಕಡೆ ಟಿಯುಇ ಬೇಕು, ಅಂದರೆ ಕಾಯಿಲೆಗೆ ಈ ಔಷಧಿ ಬೇಕೇ ಬೇಕು ಅಂತ ಪಡೆಯುವ ಅನುಮತಿ. ಜೀವಕ್ಕೆ ತುರ್ತು ಇದ್ದರೆ ಚಿಕಿತ್ಸೆ ಮೊದಲು, ಟಿಯುಇ ಆಮೇಲೆ ಕೇಳಬಹುದು. ಡಾಕ್ಟರ್ ಚೀಟಿ, ರಿಪೋರ್ಟ್ ಒಂದೂ ಎಸೆಯಬೇಡಿ.

ತೂಕ ಇಳಿಸಲು ಯಾರಾದರೂ "ಮೂತ್ರ ಜಾಸ್ತಿ ಹೋಗೋ ಗುಳಿಗೆ" ಕೊಟ್ಟರೆ ಮುಟ್ಟಬಾರದು. ಅದರಲ್ಲಿರುವ ಫ್ಯೂರೋಸಮೈಡ್ ಥರದ್ದು ಬೇರೆ ಔಷಧಿಯನ್ನು ಮರೆಮಾಚುತ್ತದೆ ಅಂತ ಯಾವಾಗಲೂ ನಿಷೇಧ. ಆಯುರ್ವೇದ ಅಂದರೆ ಚಿಂತೆ ಇಲ್ಲ ಅಂದುಕೊಳ್ಳಬೇಡಿ. ನೋವಿಗೆ ಕೊಡುವ ವಿಷತಿಂದುಕ ವಟಿಯಲ್ಲಿ ಕಾಸರಕ ಬೀಜ ಇರುತ್ತದೆ. ಅದರ ಸ್ಟ್ರಿಕ್ನಿನ್ ಸ್ಪರ್ಧೆಯ ಹೊತ್ತಿಗೆ ನಿಷೇಧ. ಪೌಡರ್ ಡಬ್ಬಿಯ ಮೇಲೆ ಬರೆಯದೇ ಇರುವುದೂ ಒಳಗೆ ಸೇರಿರಬಹುದು. ನಮ್ಮ ಗರಡಿಯಲ್ಲಿ ನಾನು ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ರೊಟ್ಟಿ ಅಷ್ಟೇ ಹೇಳುತ್ತೇನೆ.

"ನನಗೆ ಗೊತ್ತಿರಲಿಲ್ಲ" ಅನ್ನುವುದು ಅಲ್ಲಿ ನಡೆಯುವುದಿಲ್ಲ. 2016ರಲ್ಲಿ ಕುಸ್ತಿಪಟು ನರಸಿಂಗ್ ಯಾದವ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದಾಗ, ತಮಗೆ ಗೊತ್ತಿಲ್ಲದಂತೆ ಯಾರೋ ಊಟದಲ್ಲಿ ನಿಷೇಧಿತ ಔಷಧಿ ಬೆರೆಸಿದರು ಅಂದರು. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾ ಅದನ್ನು ಒಪ್ಪಿತು, ಅವರು ರಿಯೋ ಒಲಿಂಪಿಕ್ಸ್‌ಗೂ ಹೋದರು. ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಒಪ್ಪಲಿಲ್ಲ. ಒಲಿಂಪಿಕ್ಸ್ ಆಡುವ ಅವಕಾಶ ಕೈತಪ್ಪಿತು, 4 ವರ್ಷ ನಿಷೇಧ. ಟೆಸ್ಟ್ ಬೇಡ ಅನ್ನುವಂತೆಯೂ ಇಲ್ಲ. ಸ್ಯಾಂಪಲ್ ಕೊಡಲಿಲ್ಲ ಅಂತಲೇ ಕುಸ್ತಿಪಟು ಬಜರಂಗ್ ಪುನಿಯಾ ಅವರಿಗೆ 2024ರಲ್ಲಿ 4 ವರ್ಷ ನಿಷೇಧ ಹಾಕಿದರು. ಏನಾದರೂ ಅನುಮಾನ ಇದ್ದರೆ ಸ್ಯಾಂಪಲ್ ಕೊಟ್ಟು, ಫಾರ್ಮಿನಲ್ಲಿ ತಕರಾರು ಬರೆಯಬೇಕು.

ಇನ್ನು ಟೆಸ್ಟ್ ಹೇಗೆ ನಡೆಯುತ್ತದೆ ಅಂತ ಅವಳ ಅವ್ವನ ಕೈಲಿ ಮೊದಲೇ ಹೇಳಿಸಿ. ನನ್ನ ಹುಡುಗಿಯೊಬ್ಬಳು ಇದು ಗೊತ್ತಿಲ್ಲದೆ ಅತ್ತುಬಿಟ್ಟಳು. ಟೆಸ್ಟ್‌ಗೆ ಕರೆ ಬಂದ ಕ್ಷಣದಿಂದ ಟೆಸ್ಟ್ ಮಾಡುವವರ ಕಡೆಯ ಒಬ್ಬರು ಜೊತೆಗೇ ಇರುತ್ತಾರೆ. ಅಂಗಿ ಎದೆವರೆಗೆ ಎತ್ತಿ, ಪ್ಯಾಂಟು ಮೊಣಕಾಲಿಗೆ ಇಳಿಸಿ, ಅವರು ನೋಡುತ್ತಿರುವಾಗಲೇ ಮೂತ್ರ ಕೊಡಬೇಕು. ಹುಡುಗಿಗೆ ಹೆಂಗಸೇ ಇರುತ್ತಾರೆ. 18 ತುಂಬದವರು ತಮ್ಮ ಕಡೆಯವರೊಬ್ಬರನ್ನು ಕರೆದುಕೊಂಡು ಹೋಗಬಹುದು. 90 ಮಿಲಿ ಬೇಕು. ಬರುತ್ತಿಲ್ಲ ಅಂತ ಆ ಹುಡುಗಿ ಬಾಟಲಿ ಮೇಲೆ ಬಾಟಲಿ ನೀರು ಕುಡಿದಳು, ಮೂತ್ರ ತೆಳ್ಳಗಾಯಿತು, ಮತ್ತೆ ಕೊಡಬೇಕಾಯಿತು. ಅದಕ್ಕೇ ನಿಧಾನ ಕುಡಿಯಲಿ, ಸೀಲ್ ಒಡೆಯದ ನೀರನ್ನೇ ಕುಡಿಯಲಿ. ಎ, ಬಿ ಅಂತ ಎರಡು ಬಾಟಲಿ ಇರುತ್ತವೆ, ಅವಕ್ಕೆ ತಾನೇ ಸುರಿದು, ಮುಚ್ಚಳ ಬಿಗಿದು, ನಂಬರ್ ಓದಿ ಹೊಂದಿಸಬೇಕು. ಕಳೆದ 7 ದಿನ ತೆಗೆದುಕೊಂಡದ್ದನ್ನೆಲ್ಲ ಫಾರ್ಮಿನಲ್ಲಿ ಬರೆದು ತನ್ನ ಪ್ರತಿ ಇಟ್ಟುಕೊಳ್ಳಲಿ.

ಹಾವೇರಿಯಿಂದ, ಓಟಗಾರನ ತಾಯಿ:
ಒಂದು ಸೇರಿಸುತ್ತೇನೆ. ಮುಂದೆ ಮಗಳ ಹೆಸರು ನೋಂದಾಯಿತ ಟೆಸ್ಟ್ ಪಟ್ಟಿಗೆ ಬಂದರೆ, ದಿನಾ ಬೆಳಿಗ್ಗೆ 5ರಿಂದ ರಾತ್ರಿ 11ರ ನಡುವೆ ಒಂದು ಗಂಟೆ ಎಲ್ಲಿ ಸಿಗುತ್ತೇನೆ ಅಂತ ಮೊದಲೇ ತುಂಬಿಡಬೇಕು. 12 ತಿಂಗಳಲ್ಲಿ 3 ಸಲ ತಪ್ಪಿದರೆ ಡೋಪಿಂಗ್ ಕೇಸೇ ಆಗುತ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ರಾತ್ರಿ ಉಳಿದರೂ ನಮ್ಮ ಹುಡುಗ ಮೊಬೈಲಿನಲ್ಲಿ ಜಾಗ ಬದಲಿಸುತ್ತಾನೆ. ಮನೆಯಲ್ಲಿ ನಾವು ಅದನ್ನು ನೆನಪಿಸಬೇಕು, ಬೈಯಬಾರದು. ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ಅಡೆಲ್ ಅನ್ನುವ ಆನ್‌ಲೈನ್ ಪಾಠ ಪುಕ್ಕಟೆ ಇದೆ. ಮಗಳ ಪಕ್ಕದಲ್ಲಿ ನೀವೂ ಕೂತು ಮುಗಿಸಿ. ನಿಷೇಧದ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಹೋದ ವರ್ಷ ನೋಡಿದ್ದು ಸಾಕಾಗುವುದಿಲ್ಲ.

ಗದಗ ಹತ್ತಿರದ ತಂದೆ, ಮತ್ತೆ:
ಎಲ್ಲರಿಗೂ ಶರಣು. ಇದನ್ನೆಲ್ಲ ಓದಿ ಆ ಸಿರಪ್ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡನೇ ಸಾಲಿನಲ್ಲಿ ಟರ್ಬುಟಾಲಿನ್ ಅಂತಲೇ ಇದೆ. ಮಗಳಿಗೆ ತೋರಿಸಿದೆ. ಈಗ ಬಿಸಿನೀರು ಕುಡಿದು ಮಲಗಿದ್ದಾಳೆ, ನಾಳೆ ಡಾಕ್ಟರ ಹತ್ತಿರ ಹೋಗುತ್ತೇವೆ.