'ಬಾಗ್' ಅಂದರೆ ಜೌಗೋ, ಹುದುಲೋ?

ಉತ್ತರದ ಚಳಿನಾಡುಗಳ ಪೊದೆಗಿಡಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಲ್ಲಿ ಕಾಲು ಹೂತುಕೊಂಡಿದೆ.

ಮೊದಲು ಇಂಗ್ಲಿಷಿನ 'ಬಾಗ್' (bog). ಜೌಗು ಅಂತ ಬರೆದುಬಿಡಬಹುದು. ಆದರೆ ಮಾರ್ಷ್, ಸ್ವಾಂಪ್, ಫೆನ್ ಎಲ್ಲಕ್ಕೂ ಅದನ್ನೇ ಬಳಸುತ್ತೇವಲ್ವಾ? ಬಾಗ್‌ಗೆ ನೀರು ಬರುವುದು ಮಳೆ, ಹಿಮದಿಂದ ಮಾತ್ರ. ಹೊಳೆಯ ನೀರಾಗಲಿ ನೆಲದಡಿಯ ನೀರಾಗಲಿ ಸೇರುವುದಿಲ್ಲ. ಸ್ಫ್ಯಾಗ್ನಮ್ ಎಂಬ ಹಾವಸೆ ಬೆಳೆದು, ಸತ್ತು, ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತಿರುತ್ತದೆ. ನೀರು ಹುಳಿ, ಪಿಎಚ್ 4ರ ಆಸುಪಾಸು. ನನಗೆ 'ಹುದುಲು' ಹತ್ತಿರ ಅನ್ನಿಸುತ್ತದೆ. ಆದರೆ ಹುದುಲು ಅಂದರೆ ದನ ಸಿಕ್ಕಿಕೊಳ್ಳುವ ಕೆಸರು ಕಣ್ಣಮುಂದೆ ಬರುತ್ತದೆ, ಹಾವಸೆಯ ಮೆತ್ತೆ ಬರುವುದಿಲ್ಲ. 'ಹಾವಸೆ ಹುದುಲು' ಅಂದರೆ ನಡೆಯುತ್ತದಾ?

'ಎವರ್‌ಗ್ರೀನ್' ಇನ್ನೊಂದು. ನಿತ್ಯಹರಿದ್ವರ್ಣ ಅಂದ ಕೂಡಲೇ ಓದುಗರ ತಲೆಯಲ್ಲಿ ಮುಗಿಲೆತ್ತರದ ಮಳೆಕಾಡು ಎದ್ದು ನಿಲ್ಲುತ್ತದೆ. ಇವೋ, ಹೆಚ್ಚಾಗಿ ಮೊಣಕಾಲೆತ್ತರದವು. ಅದರಲ್ಲೂ ಲೆದರ್‌ಲೀಫ್ ಎಂಬುದರ ಎಲೆ ಚಳಿಗಾಲದಲ್ಲಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ನಿತ್ಯ ಇದೆ, ಹಸಿರು ಇಲ್ಲ! ಸಾರವಿಲ್ಲದ ನೆಲದಲ್ಲಿ ವರ್ಷ ವರ್ಷ ಹೊಸ ಎಲೆ ಬಿಡುವುದು ದುಬಾರಿ, ಹಾಗಾಗಿ ಹಳೆಯದನ್ನೇ ಉಳಿಸಿಕೊಳ್ಳುತ್ತವೆ. ಸದ್ಯಕ್ಕೆ ಸುಮ್ನೆ 'ಚಳಿಗೆ ಎಲೆ ಉದುರಿಸದ ಪೊದೆ' ಎಂದಿದ್ದೇನೆ.

'ಹೀತ್' ಬಯಲಿಗೂ ಹೆಸರು, ಗಿಡಕ್ಕೂ ಹೆಸರು. ಬಯಲಿಗೆ 'ಕುರುಚಲು ಬಯಲು', ಗಿಡದ ಕುಟುಂಬಕ್ಕೆ 'ಎರಿಕೇಸಿ' ಅಂತ ಬರೆದು ಮುಂದೆ ಹೋದೆ.

ಜಾಸ್ತಿ ತಲೆ ತಿಂದದ್ದು ಗಿಡಗಳ ಹೆಸರು. ಲ್ಯಾಬ್ರಡಾರ್ ಟೀ ಚಹಾ ಗಿಡವಲ್ಲ. ಮೊದಲು ಲೀಡಮ್ ಎಂಬ ಕುಲದಲ್ಲಿತ್ತು, 1990ರಲ್ಲಿ ರೋಡೊಡೆಂಡ್ರಾನ್‌ಗೆ ಸೇರಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳು ಇದರ ಎಲೆ ಹಾಕಿದ ಬಿಸಿನೀರು ಕುಡಿಯುತ್ತಾರೆ, ಹಾಗಾಗಿ 'ಟೀ'. ಅದೇ ಹುದುಲಿನಲ್ಲಿ ಬಾಗ್ ರೋಸ್‌ಮರಿಯೂ ಬೆಳೆಯುತ್ತದೆ. ಎಲೆ ನೋಡಲು ಅಡುಗೆಗೆ ಹಾಕುವ ರೋಸ್‌ಮರಿ ಸೊಪ್ಪಿನಂತೆ, ಆದರೆ ಅದರಲ್ಲಿ ಗ್ರೇಯಾನೊಟಾಕ್ಸಿನ್ ಎಂಬ ವಿಷವಿದೆ. ಎಲೆ ಮಗುಚಿ ನೋಡಿದರೆ ಎರಡೂ ಬೇರೆ ಅಂತ ಗೊತ್ತಾಗುತ್ತದೆ: ಲ್ಯಾಬ್ರಡಾರ್ ಟೀಯ ಬಲಿತ ಎಲೆಯ ಅಡಿಯಲ್ಲಿ ತುಕ್ಕಿನ ಬಣ್ಣದ ದಟ್ಟ ಉಣ್ಣೆ, ಇದರಡಿ ಬರೀ ಬೂದಿಬಿಳಿ. 'ಹುದುಲು ರೋಸ್‌ಮರಿ' ಅಂತ ಬರೆದರೆ ಯಾರಾದರೂ ಅಡುಗೆಗೆ ಹಾಕಬಹುದು ಅಂದುಕೊಂಡಾರು. ಅದನ್ನು ನಾನಂತೂ ಬರೆಯಲಾರೆ.

ಅದಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ 'ಆಂಡ್ರೊಮಿಡಾ'ವನ್ನೇ ಉಳಿಸಿಕೊಂಡೆ. 1732ರಲ್ಲಿ ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್ ಸುತ್ತುವಾಗ, ನೀರಿನ ನಡುವಿನ ಹಾವಸೆಗುಡ್ಡೆಯ ಮೇಲೆ ತಲೆಬಾಗಿ ನಿಂತ ಈ ನಸುಗೆಂಪು ಹೂವು ಅವನಿಗೆ ಕಡಲ ಬಂಡೆಗೆ ಕಟ್ಟಿಹಾಕಿದ ಗ್ರೀಕ್ ಪುರಾಣದ ರಾಜಕುಮಾರಿ ಆಂಡ್ರೊಮಿಡಾಳಂತೆ ಕಂಡಿತು. ನಮಗೆ ಆಂಡ್ರೊಮಿಡಾ ಅಂದರೆ ಗೆಲಾಕ್ಸಿ. ಇರಲಿ, ಹುಡುಗಿ ಅವಳೇ.

ಉಳಿದದ್ದು ಲ್ಯಾಬ್ರಡಾರ್ ಟೀ. ಎಲೆಯಡಿಯ ಬಣ್ಣ ನೋಡಿ 'ತುಕ್ಕೆಲೆ' ಅಂತ ಒಂದು ಹೆಸರು ಹೊಳೆಯಿತು. ಕಿವಿಗೆ ಚೆನ್ನಾಗಿದೆ. ಆದರೆ ಬೇಸಾಯ ಗೊತ್ತಿದ್ದವರು ತುಕ್ಕುರೋಗ ಹಿಡಿದ ಎಲೆ ಅಂದುಕೊಳ್ಳುತ್ತಾರೆ. ಆ ಕಂದು ಉಣ್ಣೆಯನ್ನು ಹೇಳುವ ಬೇರೆ ಪದ ಯಾರಿಗಾದರೂ ಹೊಳೆಯುತ್ತದಾ?