ಸ್ಟ್ಯಾಂಡಿಂಗ್ ರಾಕ್ ಹೋರಾಟಕ್ಕೆ ಹೊರಗಿನವರು ಹೇಗೆ ನೆರವಾಗಬೇಕು?

ಪ್ರಶ್ನೆ (ಇಲಿನಾಯ್‌ನಿಂದ)

ಡಕೋಟಾ ಆಕ್ಸೆಸ್ ಪೈಪ್‌ಲೈನ್ ಉತ್ತರ ಡಕೋಟಾದ ಬಾಕನ್ ತೈಲಕ್ಷೇತ್ರದಿಂದ ಹೊರಟು, ಸುಮಾರು 1,880 ಕಿ.ಮೀ. ಸಾಗಿ, ನಾನು ನೆಲೆಸಿರುವ ಇಲಿನಾಯ್ ರಾಜ್ಯದ ಪಟೋಕಾದಲ್ಲಿ ಕೊನೆಗೊಳ್ಳುತ್ತದೆ. ಸ್ಟ್ಯಾಂಡಿಂಗ್ ರಾಕ್ ಸೂ ಎಂಬ ಅಮೆರಿಕದ ಮೂಲನಿವಾಸಿ ಸಮುದಾಯದವರು ಕುಡಿಯುವ ನೀರಿಗೆ ನೆಚ್ಚಿಕೊಂಡಿರುವ ಓಆಹೆ ಜಲಾಶಯದ ಅಡಿಯಲ್ಲಿ ಅದು ಹಾದುಹೋಗುತ್ತದೆ. ಅವರ ಪ್ರತಿರೋಧ ನ್ಯಾಯವಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೆಲಸದ ವೀಸಾದ ಮೇಲಿರುವ ನನ್ನಂಥವರು ಏನು ಮಾಡಬಹುದು? 2017ರ ಜೂನ್‌ನಿಂದಲೇ ತೈಲ ಹರಿಯುತ್ತಿರುವಾಗ ಬೆಂಬಲದಿಂದ ಪ್ರಯೋಜನವಿದೆಯೇ? ಕೊಳವೆ ಬಹಳ ಆಳದಲ್ಲಿರುವುದರಿಂದ ಅಪಾಯವಿಲ್ಲವೆನ್ನುವ ಸಹೋದ್ಯೋಗಿಗಳಿಗೆ ಏನು ಹೇಳಬೇಕು?

ಉತ್ತರ 1

ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಕೊಳವೆ ಜಲಾಶಯದ ತಳಕ್ಕಿಂತ 90 ಅಡಿಗೂ ಹೆಚ್ಚು ಆಳದಲ್ಲಿರುವುದು ನಿಜ. ಆದರೆ ಹರಿವಿನ ಶೇ. 1ಕ್ಕಿಂತ ಕಡಿಮೆ ಪ್ರಮಾಣದ ಸೋರಿಕೆಯನ್ನು ಗುರುತಿಸುವ ಸಾಮರ್ಥ್ಯ ಅದರ ಸೋರಿಕೆ ಪತ್ತೆ ವ್ಯವಸ್ಥೆಗಿಲ್ಲವೆಂಬ ಆಕ್ಷೇಪವನ್ನು ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ 2020ರ ಮಾರ್ಚ್‌ನ ತೀರ್ಪಿನಲ್ಲಿ ಗಂಭೀರವಾಗಿ ಪರಿಗಣಿಸಿ, ಪೂರ್ಣ ಪ್ರಮಾಣದ ಪರಿಸರ ಪರಿಣಾಮ ಅಧ್ಯಯನ ನಡೆಯಬೇಕೆಂದು ಆದೇಶಿಸಿದರು. ಆಗ ದಿನಕ್ಕೆ 5,70,000 ಬ್ಯಾರೆಲ್ ಹರಿಸಬಲ್ಲದ್ದಾಗಿದ್ದ ಈ ಕೊಳವೆಯಲ್ಲಿ ಶೇ. 1 ಎಂದರೆ 5,700 ಬ್ಯಾರೆಲ್, ಅಂದರೆ ಒಂಬತ್ತು ಲಕ್ಷ ಲೀಟರ್. ಇದು ಒಂದೇ ದಿನದ ಲೆಕ್ಕ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಬಿಸ್ಮಾರ್ಕ್ ನಗರದ ಉತ್ತರಕ್ಕೆ ಮಿಸ್ಸೂರಿ ನದಿಯನ್ನು ದಾಟುವ ಮಾರ್ಗವನ್ನೂ ಮೊದಲು ಪರಿಶೀಲಿಸಿ ಕೈಬಿಡಲಾಗಿತ್ತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ನಗರದ ಕುಡಿಯುವ ನೀರಿನ ಮೂಲಗಳ ರಕ್ಷಣೆಯೂ ಒಂದು. ಆ ಎಚ್ಚರಿಕೆ ಮೂಲನಿವಾಸಿಗಳ ನೀರಿನ ವಿಷಯದಲ್ಲಿ ಏಕಿರಲಿಲ್ಲವೆಂದು ನಿಮ್ಮ ಸಹೋದ್ಯೋಗಿಗಳನ್ನೇ ಕೇಳಿ.

ಉತ್ತರ 2

ಬೆಂಬಲಿಸುವವರು ಮೊದಲು ಅರಿಯಬೇಕಾದದ್ದು, ಈ ಹೋರಾಟದ ಮುಂದಾಳುಗಳು ಆ ಸಮುದಾಯದವರೇ ಎಂಬುದನ್ನು. 2016ರ ಏಪ್ರಿಲ್‌ನಲ್ಲಿ ಮೊದಲ ಶಿಬಿರ ಆರಂಭವಾದದ್ದು ಲಡೋನಾ ಬ್ರೇವ್ ಬುಲ್ ಅಲಾರ್ಡ್ ಅವರ ಜಮೀನಿನಲ್ಲಿ. ಬಂದವರು ಮದ್ಯ, ಮಾದಕವಸ್ತು, ಆಯುಧಗಳನ್ನು ತರಕೂಡದೆಂಬ ಕಟ್ಟುಪಾಡು ಶಿಬಿರಗಳಲ್ಲಿತ್ತು. ದಿನಗಳು ಪ್ರಾರ್ಥನೆಯೊಂದಿಗೆ ಸಾಗುತ್ತಿದ್ದವು. ನವೆಂಬರ್ 20ರ ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಸೇತುವೆಯ ಬಳಿ ನೆರೆದಿದ್ದವರ ಮೇಲೆ ಪೊಲೀಸರು ನೀರು ಹಾಯಿಸಿದಾಗಲೂ ಜನ ಚದುರಲಿಲ್ಲ. ಡಿಸೆಂಬರ್ 4ರಂದು ಸೇನಾ ಎಂಜಿನಿಯರುಗಳ ದಳವು ಜಲಾಶಯದಡಿ ಕೊಳವೆ ಹಾಯಿಸಲು ಅನುಮತಿ ನಿರಾಕರಿಸಿದ ಬಳಿಕ (2017ರ ಫೆಬ್ರವರಿಯಲ್ಲಿ ಆ ಅನುಮತಿ ಸಿಕ್ಕಿತು), ಕಡುಚಳಿಗಾಲ ಬರುತ್ತಿದೆ, ಇನ್ನು ಮನೆಗೆ ಮರಳಿ ಎಂದು ಸಮುದಾಯದ ಆಗಿನ ಅಧ್ಯಕ್ಷ ಡೇವ್ ಆರ್ಚಂಬಾಲ್ಟ್ ಕೇಳಿಕೊಂಡರು. ಆ ಮಾತಿಗೆ ಬೆಲೆ ಕೊಟ್ಟು ಹೊರಟವರ ಬೆಂಬಲವನ್ನೇ ನಾನು ನಿಜವಾದ ಬೆಂಬಲವೆನ್ನುತ್ತೇನೆ.

ವೀಸಾದ ಮೇಲಿರುವವರು ಬಂಧನಕ್ಕೆ ಒಳಗಾಗಬಹುದಾದ ಪ್ರತಿಭಟನೆಗೆ ಇಳಿಯುವ ಮುನ್ನ ವಕೀಲರನ್ನು ಕಾಣಲೇಬೇಕು. ಹಣದ ದಾರಿ ಎಲ್ಲರಿಗೂ ತೆರೆದಿದೆ. ಈ ಯೋಜನೆಗೆ ಸಾಲ ಕೊಟ್ಟಿದ್ದ ಐಎನ್‌ಜಿ, ಡಿಎನ್‌ಬಿ ಬ್ಯಾಂಕುಗಳು ಸಾರ್ವಜನಿಕ ಒತ್ತಡದ ನಡುವೆ 2017ರಲ್ಲಿ ತಮ್ಮ ಪಾಲನ್ನು ಮಾರಿದವು. ಅದೇ ವರ್ಷದ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ, ಸಾಲ ಕೊಟ್ಟಿದ್ದ ಇನ್ನೊಂದು ಬ್ಯಾಂಕಾದ ವೆಲ್ಸ್ ಫಾರ್ಗೋ ಜೊತೆಗಿನ ವ್ಯವಹಾರವನ್ನು ಕೊನೆಗೊಳಿಸಲು ಮತ ಹಾಕಿತು. ನಿಮ್ಮ ಉಳಿತಾಯ ಖಾತೆ ಎಲ್ಲಿದೆ, ನಿವೃತ್ತಿ ನಿಧಿ ಯಾವ ಕಂಪನಿಗಳಲ್ಲಿ ತೊಡಗಿದೆ ಎಂಬುದನ್ನು ನೋಡಿಕೊಳ್ಳಿ.

ಉತ್ತರ 3

ಮೇಲಿನವರು ಮುಂದಾಳುತನದ ಬಗ್ಗೆ ಹೇಳಿದ್ದಕ್ಕೆ ಇಂದು ಇನ್ನಷ್ಟು ತೂಕ ಬಂದಿದೆ. 2025ರ ಮಾರ್ಚ್‌ನಲ್ಲಿ ಉತ್ತರ ಡಕೋಟಾದ ಜ್ಯೂರಿಯೊಂದು ಪೈಪ್‌ಲೈನ್ ಕಂಪನಿಗೆ 66 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ಪರಿಸರ ಸಂಘಟನೆ ಗ್ರೀನ್‌ಪೀಸ್ ವಿರುದ್ಧ ತೀರ್ಪಿತ್ತಿತು; ಆ ಮೊತ್ತವನ್ನು ನ್ಯಾಯಾಧೀಶರು ಬಳಿಕ ಸುಮಾರು ಅರ್ಧಕ್ಕೆ ಇಳಿಸಿದರು. ಚಳವಳಿಯನ್ನು ಗ್ರೀನ್‌ಪೀಸ್‌ನಂಥ ಹೊರಗಿನ ಸಂಸ್ಥೆಯೊಂದು ಹೂಡಿತೆಂದು ಬಿಂಬಿಸಿದರೆ, ಒಪ್ಪಂದಗಳ ಮೂಲಕ ಆ ಸಮುದಾಯಕ್ಕೆ ದಕ್ಕಿದ ಹಕ್ಕುಗಳ ಪ್ರಶ್ನೆಯೇ ಮರೆಗೆ ಸರಿಯುತ್ತದೆ. ಇದೇ ಓಆಹೆ ಅಣೆಕಟ್ಟಿಗಾಗಿ ಸ್ಟ್ಯಾಂಡಿಂಗ್ ರಾಕ್‌ನ 50,000 ಎಕರೆಗೂ ಹೆಚ್ಚು ಭೂಮಿ ಮುಳುಗಡೆಯಾಗಿತ್ತೆಂಬುದನ್ನು ಎಷ್ಟು ಮಂದಿ ಬಲ್ಲರು? ಆದ್ದರಿಂದ ನೀವು ಪತ್ರ ಬರೆಯುವಾಗ, ದೇಣಿಗೆ ಕೊಡುವಾಗ, ಸ್ನೇಹಿತರಿಗೆ ವಿವರಿಸುವಾಗ ಸ್ಟ್ಯಾಂಡಿಂಗ್ ರಾಕ್ ಸಮುದಾಯ ಪರಿಷತ್ತು ತಾನೇ ಏನು ಕೇಳುತ್ತಿದೆ ಎಂಬುದನ್ನು ಮೊದಲು ಓದಿ, ಅದನ್ನೇ ಮುಂದಿಡಿ.